ಹಿಂದ ಯಾರಿದ್ರು?

ಗೋಲು ಬಿದ್ದಾಗ ಕಾಕಾ ಒಳಗಿರಲಿಲ್ಲ, ರೌಂಡಿಗೆ ಹೋಗಿದ್ದರು.

ಬೈಲಹೊಂಗಲದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅವರದು ರಾತ್ರಿ ಕಾವಲು. 2004ರ ಜುಲೈ 1 ಮುಗಿದು, 2ನೇ ತಾರೀಖು ಹುಟ್ಟಿ ಎರಡು ತಾಸು ದಾಟಿತ್ತು. ಸೀಜನ್ ಇಲ್ಲದ್ದರಿಂದ ಅಂಗಳವೆಲ್ಲ ಬೋಳು. ಮೂಲೆಯ ಶೆಡ್ಡಿನಲ್ಲಿ ಒಂದಿಷ್ಟು ಅಂಡಗಿ, ಪಕ್ಕದಲ್ಲಿ ಹತ್ತಿಕಾಳಿನ ರಾಶಿ, ಅಷ್ಟೇ. ಹುಣ್ಣಿಮೆಯ ಸುತ್ತಿನ ರಾತ್ರಿಯಾದರೂ ಮುಂಗಾರಿನ ಮೋಡ ಬೆಳದಿಂಗಳನ್ನು ನುಂಗಿತ್ತು. ಆಫೀಸಿನ ಕೋಣೆಯಲ್ಲಿ ಒಂದು ಸಣ್ಣ ಟಿವಿ. ಮನೆಯಲ್ಲಿ ಹಾಲುಗೂಸು ಮಲಗಿತ್ತು. ಅಪರಾತ್ರಿಯಲ್ಲಿ ಟಿವಿ ಹಚ್ಚಿ ಬೈಸಿಕೊಳ್ಳುವ ಬದಲು ನಾನು ಕಾಕಾನ ಹತ್ತಿರ ಹೋಗಿ ಕುಳಿತಿದ್ದೆ.

ಹೇಳಿಬಿಡುತ್ತೇನೆ, ನಾನು ಫುಟ್‌ಬಾಲ್ ಆಡಿದವನಲ್ಲ. ಕಬಡ್ಡಿಯವ, ಆಮೇಲೆ ಪಿ.ಟಿ. ಮಾಸ್ತರ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಣ್ಣು ಕುಸ್ತಿಗೆ, ಕಬಡ್ಡಿಗೆ ಒಗ್ಗಿದ ಮಣ್ಣು; ಫುಟ್‌ಬಾಲ್ ಅಂದರೆ ನಮಗೆ ಬೆಳಗಾವಿ ಕ್ಯಾಂಪಿನವರ ಆಟ. ಆದರೂ ಆ ಸಲದ ಯುರೋ ಕಪ್ಪಿನಲ್ಲಿ ಗ್ರೀಸ್ ನನ್ನನ್ನು ಹಿಡಿದು ಕೂರಿಸಿತ್ತು. ಯಾಕೆಂದರೆ ಅವರು ಆಡುತ್ತಿದ್ದದ್ದು ಹಿಡಿಯುವವರ ಆಟ. 1994ರ ವಿಶ್ವಕಪ್ಪಿನಲ್ಲಿ ಮೂರೂ ಪಂದ್ಯ ಸೋತು, ಹತ್ತು ಗೋಲು ತಿಂದು, ಒಂದೂ ಹೊಡೆಯದೆ ಮನೆಗೆ ಹೋದ ದೇಶ ಅದು. ಈಗ ಒಟ್ಟೊ ರೆಹಗೆಲ್ ಎಂಬ ಜರ್ಮನ್ ಮುದುಕನ ಕೈಯಲ್ಲಿ ಪಳಗಿ, ಎದುರಾಳಿಯ ಒಬ್ಬೊಬ್ಬ ದಾಳಿಗಾರನಿಗೂ ಒಬ್ಬೊಬ್ಬನನ್ನು ನೆರಳಿನಂತೆ ಹಚ್ಚಿ, ಆ ಎಲ್ಲ ನೆರಳುಗಳ ಹಿಂದೆ ಇನ್ನೊಬ್ಬನನ್ನು ಒಂಟಿಯಾಗಿ ನಿಲ್ಲಿಸಿ ಆಡುತ್ತಿತ್ತು. ನೋಡಲು ಬೇಸರ ಎಂದು ಬಲ್ಲವರು ಮೂಗು ಮುರಿಯುತ್ತಿದ್ದರು. ನನಗೆ ಬೇಸರ ಆಗಲಿಲ್ಲ. ಕಬಡ್ಡಿಯ ಕಾರ್ನರಿನಲ್ಲಿ ನಿಂತು ಬೆಳೆದವನಿಗೆ ನಿಂತವರ ಕಾಲು ನೋಡುವುದೇ ಒಂದು ಆಟ.

ಹಿಂದೆ ಒಂಟಿಯಾಗಿ ನಿಂತವನ ಹೆಸರು ತ್ರಯಾನೊಸ್ ಡೆಲ್ಲಾಸ್. ಥೆಸಲೊನಿಕಿ ಊರಿನವ, ಆಗ 28 ವರ್ಷ, ಆರೂವರೆ ಅಡಿಯ ಹತ್ತಿರದ ಆಳು. ಸೆಮಿಫೈನಲ್ ಪೋರ್ಟೊದಲ್ಲಿ, ಎದುರಿಗೆ ಚೆಕ್ ಗಣರಾಜ್ಯ. ಆ ಕಪ್ಪಿನಲ್ಲಿ ಅಲ್ಲಿಯ ತನಕ ಆಡಿದ್ದನ್ನೆಲ್ಲ ಗೆದ್ದು ಬಂದ ತಂಡ. ಮೊದಲಿಗೇ ರೊಸಿಟ್ಸ್ಕಿಯ ಹೊಡೆತ ಗೋಲಿನ ಅಡ್ಡಪಟ್ಟಿಗೆ ಬಡಿಯಿತು. ಅವರ ದೊಡ್ಡ ಆಟಗಾರ ನೆಡ್ವೆಡ್ ಮೊದಲರ್ಧದಲ್ಲೇ ಮೊಣಕಾಲು ಹಿಡಿದುಕೊಂಡು ಹೊರನಡೆದ. ತೊಂಬತ್ತು ನಿಮಿಷ ಕಳೆದರೂ ಏನೂ ಆಗಲಿಲ್ಲ. ಹೆಚ್ಚುವರಿ ಆಟ ಶುರುವಾಯಿತು. ಕಾಕಾ ಗಡಿಯಾರ ನೋಡಿದರು, ಬ್ಯಾಟರಿ, ಬಡಿಗೆ ತಗೊಂಡರು, ಎದ್ದರು. ತಾಸಿಗೊಮ್ಮೆ ರೌಂಡು. ಟಿವಿಯಲ್ಲಿ ಏನೇ ನಡೆದಿರಲಿ.

ಅವರು ಹೊರಗೆ ಹೋಗಿ ಹತ್ತು ನಿಮಿಷ ಆಗಿರಬೇಕು. ಹೆಚ್ಚುವರಿ ಆಟದ ಮೊದಲ ಹದಿನೈದು ನಿಮಿಷ ಮುಗಿದು, ಇನ್ನೇನು ಸೀಟಿ ಊದಬೇಕು, ಗ್ರೀಸಿಗೆ ಕಾರ್ನರ್ ಸಿಕ್ಕಿತು. ತ್ಸಿಯಾರ್ತಾಸ್ ಚೆಂಡು ಎತ್ತಿಕೊಟ್ಟ. ಎಲ್ಲರ ಹಿಂದೆ ನಿಂತಿರಬೇಕಾದ ಡೆಲ್ಲಾಸ್ ಎಲ್ಲರ ಮುಂದೆ ಬಂದು, ಹತ್ತಿರದ ಕಂಬದ ಬಳಿ ತಲೆ ಕೊಟ್ಟ. ಗೋಲು. ಆಟವೂ ಅಲ್ಲಿಗೇ ಮುಗಿಯಿತು.

ಕಾಕಾ ಒಳಗೆ ಬಂದಾಗ ನಾನು ಕುರ್ಚಿಯ ಮೇಲೆ ನಿಂತಿದ್ದೆ.

‘ಏನಾತೋ ಮಾಸ್ತರ?’

‘ಮುಗೀತು ಕಾಕಾ. ಗ್ರೀಸ್ ಫೈನಲ್ಲಿಗೆ ಹೋತು.’

‘ಇನ್ನೂ ಅರ್ಧಾ ಆಟ ಐತಿ ಅಂದಿದ್ದಿಯಲ್ಲ?’

ಬೆಳ್ಳಿ ಗೋಲಿನ ನಿಯಮ ವಿವರಿಸಿದೆ. ಹೆಚ್ಚುವರಿ ಆಟದ ಮೊದಲರ್ಧ ಮುಗಿದಾಗ ಯಾರು ಮುಂದಿರುತ್ತಾರೋ ಅವರು ಗೆದ್ದಂತೆ. ಯಾರು ಹೊಡೆದ ಅಂದರು. ಹಿಂದೆ ನಿಲ್ಲುವ ಆ ಎತ್ತರದ ಆಸಾಮಿ ಎಂದೆ. ಟಿವಿಯವರು ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಕಾಕಾ ಬಡಿಗೆ ಮೂಲೆಗಿಟ್ಟು ನಾಲ್ಕು ಸಲ ನೋಡಿದರು. ಆಮೇಲೆ ಕೇಳಿದರು:

‘ಅಂವ ಮುಂದ ಬಂದಾಗ, ಹಿಂದ ಯಾರಿದ್ರು?’

ನನಗೆ ಗೊತ್ತಿರಲಿಲ್ಲ. ಟಿವಿಯಲ್ಲಿ ಅದು ಕಾಣುತ್ತಲೂ ಇರಲಿಲ್ಲ. ಯಾರೋ ಇರತಾರ ಬಿಡು ಕಾಕಾ ಎಂದೆ. ಅವರು ‘ಹೂಂ’ ಅಂದು, ಬೀಡಿ ಹಚ್ಚಲು ಗೇಟಿನ ಆಚೆ ಹೋದರು. ಹತ್ತಿಯ ಅಂಗಳದೊಳಗೆ ಮೂವತ್ತು ವರ್ಷದಲ್ಲಿ ಅವರು ಒಂದು ಕಡ್ಡಿ ಗೀರಿದವರಲ್ಲ.

ಡೆಲ್ಲಾಸನ ಲೆಕ್ಕ ಆಮೇಲೆ ತೆಗೆದು ನೋಡಿದೆ. ಗ್ರೀಸಿನ ಪರವಾಗಿ ಅವನು ಆಡಿದ್ದು 53 ಪಂದ್ಯ, ಹೊಡೆದದ್ದು ಒಂದೇ ಗೋಲು, ಅದು ಇದು. ಬೆಳ್ಳಿ ಗೋಲಿನ ನಿಯಮ ಆ ಕಪ್ಪಿನೊಂದಿಗೇ ರದ್ದಾಯಿತು. ಯುರೋ ಕಪ್ಪಿನ ಚರಿತ್ರೆಯಲ್ಲಿ ಬೇರೆ ಯಾರೂ ಬೆಳ್ಳಿ ಗೋಲು ಹೊಡೆದಿಲ್ಲ, ಇನ್ನು ಹೊಡೆಯುವಂತೆಯೂ ಇಲ್ಲ. ಟಂಕಸಾಲೆ ಒಂದೇ ಒಂದು ನಾಣ್ಯ ಹಾಕಿ ಬಾಗಿಲು ಮುಚ್ಚಿದ ಹಾಗೆ. ಮೂರು ದಿನದ ಮೇಲೆ ಲಿಸ್ಬನ್ನಿನಲ್ಲಿ ಗ್ರೀಸ್, ಖರಿಸ್ತಿಯಾಸ್ ತಲೆಯಿಂದ ಹೊಡೆದ ಗೋಲಿನ ಬಲದಲ್ಲಿ ಪೋರ್ಚುಗಲ್ಲನ್ನು ಅವರದೇ ಅಂಗಳದಲ್ಲಿ ಸೋಲಿಸಿ ಕಪ್ಪು ಎತ್ತಿತು. ಕ್ವಾರ್ಟರ್ ಫೈನಲ್ಲಿನಿಂದ ಆಚೆಗೆ ಮೂರು ಪಂದ್ಯ. ಫ್ರಾನ್ಸ್, ಚೆಕ್, ಪೋರ್ಚುಗಲ್. ಮೂರರಲ್ಲೂ ಒಂದು–ಸೊನ್ನೆ. ಆ ‘ಒಂದು’ಗಳ ಹೆಸರು ಎಲ್ಲರಿಗೂ ಗೊತ್ತು. ಸೊನ್ನೆಗಳನ್ನು ಯಾರು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಸೊನ್ನೆ ಮಾಡುವುದೂ ಒಂದು ಕೆಲಸ, ಅದಕ್ಕೆ ಬೆವರು ಹರಿಯುತ್ತದೆ ಎಂಬುದು ಅಂಕಪಟ್ಟಿಯ ಮೇಲೆ ಮೂಡುವುದಿಲ್ಲ.

ಇದು ನನಗೆ ಹೊಸ ಮಾತಲ್ಲ. ಹಿಡಿಯುವವರೆಲ್ಲ ಇದನ್ನೇ ಗೊಣಗುತ್ತಾರೆ. ನಾನೂ ಗೊಣಗಿದವನೇ. ನಮ್ಮ ಶಾಲೆಯಲ್ಲಿ ಈಗಲೂ ಕಬಡ್ಡಿಗೆ ಹೆಸರು ಕೊಡಿ ಅಂದರೆ ಎಲ್ಲ ಹುಡುಗರೂ ‘ಸರ್, ನಾ ರೈಡರ್’. ಪ್ರೊ ಕಬಡ್ಡಿ ಬಂದ ಮೇಲೆ ಸೂಪರ್ ಟ್ಯಾಕಲ್ ಎಂದು ಹೆಸರಿಟ್ಟು, ಮೂವರೋ ಅದಕ್ಕೂ ಕಡಿಮೆಯೋ ಉಳಿದಾಗ ಹಿಡಿದರೆ ಎರಡು ಅಂಕ ಕೊಡುವುದು ಮಕ್ಕಳ ಬಾಯಲ್ಲೂ ಬಂತು, ಹಿಡಿಯುವವರಿಗೂ ತುಸು ಮರ್ಯಾದೆ ಬಂತು. ಒಳ್ಳೆಯದೇ. ಆದರೆ ಕಾಕಾ ಕೇಳಿದ್ದು ಈ ಗೊಣಗಾಟದ ಪ್ರಶ್ನೆ ಅಲ್ಲ. ಹಿಂದೆ ನಿಂತವನಿಗೆ ಹೆಸರು ಬರಲಿಲ್ಲವಲ್ಲ ಎಂದು ಅವರು ಕೇಳಲಿಲ್ಲ. ಹಿಂದೆ ನಿಂತವನು ಹೆಸರು ಮಾಡಲು ಮುಂದೆ ಹೋದಾಗ ಅವನ ಜಾಗದಲ್ಲಿ ಯಾರು ನಿಂತರು ಎಂದು ಕೇಳಿದರು. ಎರಡಕ್ಕೂ ಇರುವ ಅಂತರ ನನಗೆ ತಿಳಿಯಲು ಬಹಳ ದಿನ ಬೇಕಾಯಿತು, ಅದೂ ಒಂದು ಹಳೆಯ ಗಾಯ ಕೆರೆದುಕೊಂಡ ಮೇಲೆ.

ನನಗಾಗ ಇಪ್ಪತ್ತೆರಡು. ಸವದತ್ತಿಯಲ್ಲಿ ಒಂದು ಪಂದ್ಯಾವಳಿ, ನಮ್ಮೆದುರಿಗೆ ರಾಮದುರ್ಗದ ಕಡೆಯ ಹುಡುಗರು. ಅವರ ರೈಡರ್ ನೇಕಾರರ ಮನೆಯವ. ಕುಣಿಮಗ್ಗದಲ್ಲಿ ತುಳಿದು ತುಳಿದು ಪಳಗಿದ ಕಾಲು, ಯಾವ ಕಾಲು ಯಾವಾಗ ಏಳುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ನಾನು ಬಲ ಕಾರ್ನರ್. ಕಾರ್ನರಿನವನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದು. ಬಂದವನು ಬೋನಸ್ ಗೆರೆಗೆ ಆಸೆಪಟ್ಟು ಕಾಲು ಚಾಚಬೇಕು, ಹಿಂದಿನ ಕಾಲು ಗಾಳಿಗೆ ಏಳಬೇಕು. ಆ ಒಂದು ಕ್ಷಣದಲ್ಲಿ ಮುಂದಿನ ಕಾಲಿನ ಹರಡಿಗೆ ಎರಡೂ ಕೈ ಬೀಳಬೇಕು. ಮುಂಚೆ ಹೋದರೆ ಸಿಗುವುದಿಲ್ಲ, ತಡವಾದರೆ ಉಳಿಯುವುದಿಲ್ಲ. ಆ ದಿನ ನಾಲ್ಕು ಸಲ ಹಾಗೆ ಹಿಡಿದಿದ್ದೆ. ಮಂದಿ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಅದೇ ಕುತ್ತು.

ಕೊನೆಯ ರೈಡು. ನಾವು ಎರಡು ಅಂಕ ಮುಂದಿದ್ದೆವು. ಕಾದಿದ್ದರೆ ಸಾಕಿತ್ತು, ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೆ ಕಿವಿಯೊಳಗೆ ನನ್ನ ಹೆಸರು ತುಂಬಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಅವನ ತೊಡೆಗೆ ಹಾರಿದೆ. ಅವನು ನನ್ನ ಬೆನ್ನು ಮುಟ್ಟಿ, ನಾನು ಖಾಲಿ ಬಿಟ್ಟ ಮೂಲೆಯೊಳಗೆ ನುಗ್ಗಿದ. ಆ ಖಾಲಿ ತುಂಬಲು ನಮ್ಮ ಕವರಿನ ಇಬ್ಬರು ಓಡಿ ಬಂದರು. ಅವರಿಬ್ಬರಿಗೂ ಕೈ ತಾಗಿಸಿ ಅವನು ಗೆರೆ ದಾಟಿದ. ಮೂರು ಅಂಕ. ಒಂದು ಅಂಕದಿಂದ ಸೋತೆವು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಮಂದಿ ಬೈದದ್ದು ಆ ಕವರಿನ ಇಬ್ಬರಿಗೆ. ಕೊನೆಗೆ ಔಟಾದವರು ಅವರಲ್ಲವೇ, ಕಣ್ಣಿಗೆ ಕಂಡದ್ದು ಅವರೇ. ನನಗೆ ‘ಏನ ಹಿಡದೋ ಇವತ್ತ’ ಎಂದು ಬೆನ್ನು ತಟ್ಟಿದವರೂ ಇದ್ದರು. ಆ ಇಬ್ಬರೂ ಬಸ್ಸಿನಲ್ಲಿ ಬೈಲಹೊಂಗಲದ ತನಕ ಒಂದು ಮಾತು ಆಡಲಿಲ್ಲ, ನನ್ನನ್ನು ದೂರಲೂ ಇಲ್ಲ. ಅವರು ದೂರಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.

ಕಾಕಾನ ಪ್ರಶ್ನೆಗೂ ಒಂದು ಗಾಯ ಇತ್ತು. ಅದು ತಿಳಿದದ್ದು ಅವರು ಕೆಲಸ ಬಿಟ್ಟ ದಿನ. ಶಾಲು, ಕಾಯಿ, ಗೋಡೆ ಗಡಿಯಾರ. ಮಾಲಕರು ಮಾತಾಡಲು ಎದ್ದು ನಿಂತು ತಡವರಿಸಿದರು. ಮೂವತ್ತು ವರ್ಷ ಇವರ ಪಾಳಿಯಲ್ಲಿ ಏನೂ ಆಗಲಿಲ್ಲ ಎಂದರು, ಅಷ್ಟಕ್ಕೇ ನಿಂತಿತು. ಮುಂದೆ ಏನು ಹೇಳುವುದು? ಹತ್ತಿಗೆ ಬೆಂಕಿ ಬೀಳುವ ಬಗೆ ಗೊತ್ತಿದ್ದವರಿಗೆ ಮಾತ್ರ ಆ ‘ಏನೂ ಆಗಲಿಲ್ಲ’ದ ತೂಕ ಗೊತ್ತು. ಒಂದು ಚೂರು ಕಲ್ಲೋ ಕಬ್ಬಿಣವೋ ಮಿಶಿನ್ನಿಗೆ ಸಿಕ್ಕು ಕಿಡಿ ಹಾರಿದರೆ, ಅದು ಹತ್ತಿಯೊಳಗೆ ಕೂತು ಹೊರಗೆ ಕಾಣದ ಹಾಗೆ ತಾಸುಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಕುದಿಯುತ್ತಿರುತ್ತದೆ. ಜ್ವಾಲೆ ಕಂಡಾಗ ಕೆಲಸ ಕೆಟ್ಟಿರುತ್ತದೆ. ಕಾಕಾ ರೌಂಡಿನಲ್ಲಿ ಬ್ಯಾಟರಿಗಿಂತ ಹೆಚ್ಚಾಗಿ ಮೂಗು, ಅಂಗೈ ನಂಬುತ್ತಿದ್ದರು. ಅಂಡಗಿಗಳ ಮೇಲೆ, ಸಂದಿನೊಳಗೆ ಕೈಯಿಟ್ಟು ಬಿಸಿ ನೋಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ.

ಮಾಲಕರು ಬಿಟ್ಟ ಮಾತನ್ನು ಒಬ್ಬ ಹಮಾಲ ಎತ್ತಿಕೊಂಡ. ಒಂದು ಅಮಾಸಿ ರಾತ್ರಿ ಗೋಡೆ ಹಾರಿ ಬಂದ ಕಳ್ಳನನ್ನು ಕಾಕಾ ಬೆನ್ನಟ್ಟಿ ಹೋಗಿ, ಹೊಲದೊಳಗೆ ಕೆಡವಿ, ಅವನದೇ ಧೋತರದಲ್ಲಿ ಕಟ್ಟಿಹಾಕಿ ತಂದ ಕತೆ. ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ ಅದೊಂದೇ. ಮಂದಿ ಚಪ್ಪಾಳೆ ತಟ್ಟಿದರು. ಕಾಕಾನ ಮುಖ ಮಾತ್ರ ಸಣ್ಣದಾಯಿತು. ಮನೆಗೆ ನಡೆದು ಬರುವಾಗ ನಾನೂ ಅದನ್ನೇ ಹೊಗಳಿದೆ.

‘ಗೇಟ ತೆರದ ಬಿಟ್ಟ ಓಡಿದ್ನೆಲ್ಲೋ ತಮ್ಮಾ,’ ಎಂದರು. ‘ಅರ್ಧಾ ತಾಸ ಅಲ್ಲಿ ಯಾರೂ ಇರಲಿಲ್ಲ. ಸೀಜನ್ ಜೋರ ಇತ್ತ, ಅಂಗಳ ತುಂಬ ಹತ್ತಿ ಬಿದ್ದಿತ್ತ. ಯಾವನರ ಬಂದು ಒಂದು ಬೀಡಿ ಒಗದಿದ್ರ?’

ಅದೊಂದು ರಾತ್ರಿ ಅವರು ಕಾವಲು ತಪ್ಪಿದ್ದರು. ಊರು ನೆನಪಿಟ್ಟದ್ದೂ ಅದೊಂದೇ ರಾತ್ರಿ.

ಹೀಗೆ ನೋಡುತ್ತ ಹೋದರೆ ನಮ್ಮ ಸೀಮೆಯ ದೊಡ್ಡ ಕತೆಯೂ ಬೇರೆಯಾಗಿ ಕಾಣತೊಡಗುತ್ತದೆ. ಸಂಗೊಳ್ಳಿ ರಾಯಣ್ಣ ಯಾರು? ಶೇತಸನದಿ. ಊರು ಕಾಯುವುದಕ್ಕೆ ಪ್ರತಿಯಾಗಿ ಹೊಲ ಉಂಬಳಿ ಪಡೆದ ಮನೆತನದವ. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಆ ಹೊಲಕ್ಕೆ ಕೈ ಹಾಕಿತು. ಕಾಯುವವನ ಅನ್ನಕ್ಕೇ ಕುತ್ತು ಬಂತು. ಆಮೇಲೆ ಅವನು ಬೀಡಿ ಎಂಬ ಊರಿನ ಸರಕಾರಿ ಕಚೇರಿ ಸುಟ್ಟದ್ದು, ಕಾಡಿನಿಂದ ಕಾದಾಡಿದ್ದು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ್ದು ನಮ್ಮ ಭಾಗದ ಪ್ರತಿ ಕೂಸಿಗೂ ಗೊತ್ತು. ಆದರೆ ಅದಕ್ಕೂ ಮುಂಚೆ ಎಷ್ಟು ರಾತ್ರಿ ಅವನು ಸಂಗೊಳ್ಳಿಯ ಓಣಿಗಳನ್ನು ಸುತ್ತಿರಬೇಕು, ಎಷ್ಟು ಸಲ ನಾಯಿ ಬೊಗಳಿದ ಕಡೆ ತಿರುಗಿ ನೋಡಿರಬೇಕು. ಆ ರಾತ್ರಿಗಳಿಗೆ ಲಾವಣಿ ಇಲ್ಲ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಕಂಪನಿಯ ಕಲೆಕ್ಟರ್ ಥ್ಯಾಕರೆ ಗುಂಡು ತಿಂದು ಬಿದ್ದ. ಹೊಡೆದವನು ಅಮಟೂರು ಬಾಳಪ್ಪ ಎಂದೇ ನಮ್ಮವರು ಹಾಡುತ್ತಾರೆ. ಅವನೂ ರಾಣಿ ಚೆನ್ನಮ್ಮನ ಮೈಗಾವಲಿನವ. ಅವನ ಪಾಲಿಗೂ ಒಂದೇ ಗುಂಡು, ಡೆಲ್ಲಾಸನ ಪಾಲಿಗೆ ಒಂದೇ ಗೋಲು ಇದ್ದಂತೆ. ಪ್ರತಿ ವರ್ಷ ಆ ತಾರೀಖಿಗೆ ಕಿತ್ತೂರು ಉತ್ಸವದ ದೀಪ ಹತ್ತುತ್ತದೆ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ನಮ್ಮೂರಿನ ಕೋಟೆಯಲ್ಲಿ ಸೆರೆಯಾಗಿ ನಾಲ್ಕು ವರ್ಷದ ಮೇಲೆ ಕಳೆದರು, 1829ರ ಫೆಬ್ರುವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಸಮಾಧಿ ಇಲ್ಲೇ ಇದೆ. ನಾನು ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುತ್ತೇನೆ. ಮಕ್ಕಳು ಕೇಳುವುದು ಆ ಒಂದು ದಿನದ ಕಾಳಗದ ಬಗ್ಗೆ. ನಾಟಕಗಳೂ ಆ ನಾಲ್ಕು ವರ್ಷವನ್ನು ಒಂದು ಪರದೆ ಬಿಟ್ಟು ದಾಟಿಬಿಡುತ್ತವೆ. ಬಿಡದೆ ಏನು ಮಾಡಿಯಾವು? ಸೋಲೊಪ್ಪದೆ ಸುಮ್ಮನೆ ಕುಳಿತ ನಾಲ್ಕು ವರ್ಷವನ್ನು ರಂಗದ ಮೇಲೆ ತೋರಿಸುವುದು ಹೇಗೆ?

ಮುಂದೆ ಹೋಗಿ ತಪ್ಪಿದವರನ್ನೂ ಲೋಕ ಅಷ್ಟೇ ಗಟ್ಟಿಯಾಗಿ ನೆನಪಿಡುತ್ತದೆ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ, ಹೆಚ್ಚಿನವರು ಬರಿಗಾಲಲ್ಲಿ, ಫ್ರಾನ್ಸಿನೆದುರು ಒಂದು–ಎರಡರಿಂದ ಸೋತಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಎರಡು ಪೆನಾಲ್ಟಿ ಕೈತಪ್ಪಿದವು, ಅದರಲ್ಲಿ ಒಂದು ಶೈಲೇನ್ ಮನ್ನಾ ಅವರದು. ಫುಲ್‌ಬ್ಯಾಕ್ ಆಟಗಾರ, ಜೀವಮಾನವೆಲ್ಲ ಹಿಂದೆ ನಿಂತು ಚೆಂಡು ತಡೆದವರು, 1951ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದ ನಾಯಕ. ಲಂಡನ್ನಿನ ಮಾತು ಬಂದಾಗೆಲ್ಲ ಜನ ಎತ್ತುವುದು ಆ ಪೆನಾಲ್ಟಿಯನ್ನು. ಅವರು ತಡೆದ ಚೆಂಡುಗಳನ್ನು ಎಣಿಸಿಟ್ಟವರಿಲ್ಲ.

ಡೆಲ್ಲಾಸ್ ಆಮೇಲೆ ಏನಾದ? ಗ್ರೀಸ್ 2006ರ ವಿಶ್ವಕಪ್ಪಿಗೆ ಅರ್ಹವೇ ಆಗಲಿಲ್ಲ, 2008ರ ಯುರೋದಲ್ಲಿ ಮೂರಕ್ಕೆ ಮೂರೂ ಸೋತಿತು. ಅವನು ಇಟಲಿಯ ರೋಮಾ ತಂಡ ಬಿಟ್ಟು ಅಥೆನ್ಸಿನ ಎಇಕೆ ಕ್ಲಬ್ಬಿಗೆ ಮರಳಿದ, ನಡುವೆ ಸೈಪ್ರಸ್ಸಿಗೆ ಹೋಗಿಬಂದ, 2012ರಲ್ಲಿ ಆಟ ಬಿಟ್ಟ. ಎಇಕೆ ಕತೆ ಹೇಳಲೇಬೇಕು. ಕಾನ್‌ಸ್ಟಾಂಟಿನೋಪಲ್ಲಿನಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರು 1924ರಲ್ಲಿ ಕಟ್ಟಿದ ಕ್ಲಬ್ ಅದು. ಅದರ ಲಾಂಛನ ಬೈಜಾಂಟಿಯಮ್ಮಿನ ಎರಡು ತಲೆಯ ಹದ್ದು; ನಮ್ಮ ಗಂಡಭೇರುಂಡದ ದಾಯಾದಿ ಎನ್ನಬೇಕು. ಎರಡು ಕಡೆ ನೋಡುವ ಹಕ್ಕಿಗೆ ಹಿಂದೆ ಯಾರು ಎಂಬ ಚಿಂತೆ ಇರಲಿಕ್ಕಿಲ್ಲ. 2013ರಲ್ಲಿ ಆ ಕ್ಲಬ್ ಹಣವೂ ಇಲ್ಲದೆ, ಅಂಕವೂ ಇಲ್ಲದೆ ಮೇಲಿನ ದರ್ಜೆಯಿಂದ ಬಿತ್ತು, ತನ್ನ ಚರಿತ್ರೆಯಲ್ಲೇ ಮೊದಲ ಸಲ. ಬೀಳುತ್ತಿದ್ದಾಗ ತರಬೇತುದಾರನಾಗಿ ಕರೆಸಿಕೊಂಡದ್ದು ಡೆಲ್ಲಾಸನನ್ನು. ಬೀಳುವುದನ್ನು ತಡೆಯಲು ಅವನಿಂದ ಆಗಲಿಲ್ಲ. ಆದರೆ ಬಿಟ್ಟು ಹೋಗಲಿಲ್ಲ. ಮೂರನೇ ದರ್ಜೆಯ ಸಣ್ಣ ಊರುಗಳ ಅಂಗಳದಲ್ಲಿ ಆಡಿಸುತ್ತ ಒಂದು ವರ್ಷ, ಎರಡನೇ ದರ್ಜೆಯಲ್ಲಿ ಇನ್ನೊಂದು ವರ್ಷ, 2015ರಲ್ಲಿ ಕ್ಲಬ್ಬನ್ನು ಮತ್ತೆ ಮೇಲಕ್ಕೆ ತಂದ. ಲಿಸ್ಬನ್ನಿನ ಕಪ್ಪಿಗಿಂತ ಈ ಎರಡು ವರ್ಷ ನನಗೆ ಹೆಚ್ಚು ಎನಿಸುತ್ತದೆ. ಇದು ನನ್ನ ಅಭಿಪ್ರಾಯ. ಗ್ರೀಕರನ್ನು ಕೇಳಿದರೆ ನಕ್ಕಾರು.

ಈಚೆಗೆ ಮೊಬೈಲಿನಲ್ಲಿ ಆ ಸೆಮಿಫೈನಲ್ಲನ್ನು ಮತ್ತೆ ನೋಡಿದೆ. ಗೋಲನ್ನಲ್ಲ, ಗೋಲಿನ ಹಿಂದಿನ ಹತ್ತು ಸೆಕೆಂಡು. ಕಾರ್ನರ್ ಹೊಡೆಯುವ ಮುಂಚೆ ಕ್ಯಾಮೆರಾ ಹೇಗೋ ಒಮ್ಮೆ ಅಗಲವಾಗುತ್ತದೇನೋ, ಹಿಂದೆ ಉಳಿದವರು ಕಂಡಾರೇನೋ ಎಂದು ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಸಿಕ್ಕಲಿಲ್ಲ. ನಾಲ್ಕಂಗುಲದ ಪರದೆಯಲ್ಲಿ ಮುಂದಿನವರ ಬೆನ್ನು, ಗೋಲಿನ ಬಲೆ, ಅಷ್ಟೇ. ಅರ್ಧ ಮೈದಾನ ಕ್ಯಾಮೆರಾದ ಆಚೆ. ಅಲ್ಲಿ ಯಾರೋ ಇಬ್ಬರು, ತಮ್ಮ ದೇಶದ ಅತಿ ದೊಡ್ಡ ಗೋಲು ಬೀಳುವಾಗಲೂ ಎದುರಾಳಿಯ ಒಬ್ಬ ದಾಳಿಗಾರನ ಮೇಲೆ ಕಣ್ಣಿಟ್ಟು, ಚೆಂಡಿನ ಕಡೆ ಅರ್ಧ ಮುಖ ಮಾತ್ರ ತಿರುಗಿಸಿ ನಿಂತಿದ್ದಿರಬೇಕು. ಸವದತ್ತಿಯ ನಮ್ಮ ಕವರಿನವರ ಹಾಗೆ.

ಇದನ್ನು ಹೇಳಲು ಕಾಕಾನ ಮನೆಗೆ ಹೋದೆ. ಅವರಿಗೆ ಈಗ ವಯಸ್ಸಾಗಿದೆ; ರಾತ್ರಿ ನಿದ್ದೆ ಇಲ್ಲ, ಮೂವತ್ತು ವರ್ಷದ ಚಟ. ನನ್ನ ಮಾತು ಕೇಳಿ ನಕ್ಕರು, ‘ಇನ್ನೂ ಅದನ್ನ ಹಿಡಕೊಂಡ ಕೂತೀಯೇನೋ ಮಾಸ್ತರ’ ಎಂದರು. ಆಮೇಲೆ ದನಿ ತಗ್ಗಿಸಿ ಒಂದು ಸಂಗತಿ ಹೇಳಿದರು. ಕೆಲಸ ಬಿಟ್ಟ ಹೊಸದರಲ್ಲಿ ಒಂದು ರಾತ್ರಿ ಎದ್ದು ಮನೆಯೊಳಗೇ ತಿರುಗಾಡುತ್ತಿದ್ದರಂತೆ. ತಲಬಾಗಿಲ ಹತ್ತಿರ ಕಾಲಿಗೆ ಏನೋ ತೊಡರಿತು. ಬ್ಯಾಟರಿ ಬಿಟ್ಟು ನೋಡಿದರೆ ಕಾಕಿ. ಬಾಗಿಲಿಗೆ ಅಡ್ಡಲಾಗಿ ಕೌದಿ ಹಾಸಿಕೊಂಡು, ತಲೆಯ ಹತ್ತಿರ ಒನಕೆ ಇಟ್ಟುಕೊಂಡು ಮಲಗಿದ್ದರು.

‘ಇದ್ಯಾಕ ಇಲ್ಲಿ ಮಲಗೀದಿ ಅಂದ್ಯ. ಮತ್ತ ಎಲ್ಲಿ ಮಲಗಬೇಕಿತ್ತು ಅಂದ್ಲು. ಮಗ್ಗಲಾ ಬದಲಿಸಿದ್ಲು.’

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು. ಬಾಗಿಲ ಒಳಗೆ, ಬೆಳಕು ಬೀಳುವ ಜಾಗದಲ್ಲಿ, ಕಾಕಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಓಣಿಯಲ್ಲಿ ಯಾರೋ ಹಾದುಹೋದ ಸಪ್ಪಳ ಆಯಿತು. ನಾವಿಬ್ಬರೂ ತಿರುಗುವ ಮುಂಚೆಯೇ ಅವರು ತಲೆಯೆತ್ತಿ ನೋಡಿ, ಮತ್ತೆ ಸುಲಿಯತೊಡಗಿದರು.